ತಾನೇ ಬಿರುಕು ಮುಚ್ಚಿಕೊಳ್ಳುವ ಕಾಂಕ್ರೀಟು: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಂಪು, ಟ್ಯಾಂಕು, ಮಾಳಿಗೆ ಸೋರುವ ಮಾತು ಬಂದಾಗೆಲ್ಲ ಈಗ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಕ್ರಿಸ್ಟಲೈನ್ ಹಾಕಿಸಿಬಿಡಿ, ಬಿರುಕು ತಾನೇ ಮುಚ್ಚಿಕೊಳ್ಳುತ್ತೆ." ಕ್ರಿಸ್ಟಲೈನ್ ಅಂದರೆ ಕಾಂಕ್ರೀಟಿನೊಳಗೆ ಹರಳು ಬೆಳೆಸಿ ನೀರು ತಡೆಯುವ ಪುಡಿ. ಆ ಮಾತು ಅರ್ಧ ನಿಜ. ಯಾವ ಅರ್ಧ ಅಂತ ತಿಳಿಯದೆ ದುಡ್ಡು ಹಾಕುವವರೇ ಜಾಸ್ತಿ. ರಾಯಚೂರು, ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ಮನೆ ಕಟ್ಟಿಸುವವರು, ಗೌಂಡಿಗಳು, ಹೊಸದಾಗಿ ಸೈಟಿಗೆ ಬಂದ ಎಂಜಿನಿಯರ್‌ಗಳು ಕೇಳಿದ್ದನ್ನು ಆದಷ್ಟು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ವಿಷಯ ಗೊತ್ತಿರುವವರು ನೇರ ಕೊನೆಯ ಭಾಗಕ್ಕೆ ಹೋಗಬಹುದು.

## ಮೊದಲಿನಿಂದ

ಕಾಂಕ್ರೀಟು ತಾನೇ ರಿಪೇರಿ ಆಗ್ತದ ಅಂತಾರಲ್ರಿ, ಅದು ಹೆಂಗ?

ಸಿಮೆಂಟಿಗೆ ನೀರು ಬಿದ್ದಾಗ ಮುಖ್ಯವಾಗಿ ಎರಡು ವಸ್ತು ಹುಟ್ಟುತ್ತವೆ. ಒಂದು, ಉಸುಕು-ಕಡಿಯನ್ನು ಹಿಡಿದಿಡುವ ಅಂಟು. ಕಾಂಕ್ರೀಟಿನ ಬಲವೆಲ್ಲ ಇದರದ್ದೇ. ಇನ್ನೊಂದು ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಇದು ಬಲಕ್ಕೆ ಹೆಚ್ಚೇನೂ ಕೊಡದೆ ಒಳಗೆ ಸುಮ್ನೆ ಕೂತಿರುತ್ತದೆ. ಇದರ ಜೊತೆ, ಕಲಸುವಾಗ ನೀರು ಮುಟ್ಟದೆ ಉಳಿದ ಸಿಮೆಂಟಿನ ಕಣಗಳೂ ಇರುತ್ತವೆ.

ಕ್ರಿಸ್ಟಲೈನ್ ಪುಡಿಯಲ್ಲಿರುವ ರಾಸಾಯನಿಕಗಳು ತೇವದ ದಾರಿ ಹಿಡಿದು ಒಳಗೆ ಹೋಗುತ್ತವೆ. ಅಲ್ಲಿ ಈ ಸುಣ್ಣ, ಈ ಕಣಗಳ ಜೊತೆ ಸೇರಿ ನೀರಿನಲ್ಲಿ ಕರಗದ, ಸೂಜಿ ಆಕಾರದ ಹರಳು ಬೆಳೆಸುತ್ತವೆ. ನೀರು ಸಾಗುವ ಸಣ್ಣ ರಂಧ್ರಗಳು, ಕೂದಲೆಳೆ ಬಿರುಕುಗಳು ಹರಳಿನಿಂದ ತುಂಬುತ್ತವೆ. ತೇವ ಆರಿದರೆ ಕೆಲಸ ನಿಲ್ಲುತ್ತದೆ. ವರ್ಷಗಳ ನಂತರ ಹೊಸ ಬಿರುಕು ಬಿದ್ದು ನೀರು ನುಗ್ಗಿದರೆ ಮತ್ತೆ ಶುರುವಾಗುತ್ತದೆ. ಒಟ್ಟಿನಲ್ಲಿ ಸೋರಿಸುವ ನೀರೇ ಇಲ್ಲಿ ಕೆಲಸದಾಳು. ಮುಂದಿನ ಎಷ್ಟೋ ಉತ್ತರಗಳು ಈ ಒಂದು ಮಾತಿನ ಮೇಲೆ ನಿಂತಿವೆ.

ಆ ಪುಡಿಯಲ್ಲಿ ಏನೇನಿರುತ್ತೆ? ಹೊಸ ಕಂಡುಹಿಡಿದದ್ದಾ?

ಹೊಸದೇನಲ್ಲ. 1940ರ ದಶಕದಲ್ಲಿ ಡೆನ್ಮಾರ್ಕ್‌ನಲ್ಲಿ ಶುರುವಾದದ್ದು. ಆಮೇಲೆ ಕೆನಡಾ, ಅಮೆರಿಕದ ಕಂಪನಿಗಳು ದೊಡ್ಡದು ಮಾಡಿದವು. ಜೈಪೆಕ್ಸ್, ಪೆನೆಟ್ರಾನ್ ಎಂಬ ಹೆಸರು ಕೇಳಿರಬಹುದು. ಪುಡಿಯಲ್ಲಿ ಬಹುಪಾಲು ಪೋರ್ಟ್‌ಲ್ಯಾಂಡ್ ಸಿಮೆಂಟು, ನುಣ್ಣನೆಯ ಸಿಲಿಕಾ ಉಸುಕು. ಉಳಿದ ರಾಸಾಯನಿಕ ಏನು ಅಂತ ಯಾವ ಕಂಪನಿಯೂ ಬಿಚ್ಚಿ ಹೇಳುವುದಿಲ್ಲ. ಬಳಸುವ ದಾರಿ ಮುಖ್ಯವಾಗಿ ಎರಡು: ಕಾಂಕ್ರೀಟು ಕಲಸುವಾಗಲೇ ಸೇರಿಸುವುದು, ಇಲ್ಲವೇ ಗಟ್ಟಿಯಾದ ಕಾಂಕ್ರೀಟಿನ ಮೇಲೆ ನೀರಲ್ಲಿ ಕಲಸಿ ಬಳಿಯುವುದು.

ಅಂಗಡಿಯಲ್ಲಿ ಒಂದು ಚೀಲ ಸಿಮೆಂಟಿಗೆ 200 ಮಿ.ಲೀ. ಹಾಕಿ ಅಂತ ಕೊಡೋ ವಾಟರ್‌ಪ್ರೂಫ್ ಲಿಕ್ವಿಡ್ ಇದೇನಾ?

ಅಲ್ಲ. ಆ ದ್ರಾವಣಗಳು ಕಲಸುವ ನೀರು ಕಡಿಮೆ ಮಾಡುತ್ತವೆ, ರಂಧ್ರದ ಒಳಮೈ ನೀರು ಹಿಡಿಯದಂತೆ ಮಾಡುತ್ತವೆ. ಪ್ಲಾಸ್ಟರಿಗೆ, ಮಾಮೂಲಿ ತೇವಕ್ಕೆ ಒಳ್ಳೆಯವೇ. ಆದರೆ ಬಿರುಕು ಬಿಟ್ಟ ಮೇಲೆ ಅವು ಏನೂ ಮಾಡಲಾರವು, ಒತ್ತಡದಲ್ಲಿ ಬರುವ ನೀರನ್ನು ತಡೆಯುವಂಥವೂ ಅಲ್ಲ. ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟಿನ 2010ರ ವರದಿಯೂ ಈ ಎರಡನ್ನು ಬೇರೆ ಬೇರೆ ಗುಂಪಿನಲ್ಲಿ ಇಟ್ಟಿದೆ: ನೀರಿನ ಒತ್ತಡ ಇರುವಲ್ಲಿಗೆ ಒಂದು, ಇಲ್ಲದಲ್ಲಿಗೆ ಇನ್ನೊಂದು. ಕ್ರಿಸ್ಟಲೈನ್ ಮೊದಲನೆಯದು. ಅಂಗಡಿಯವರು "ಎಲ್ಲಾ ಒಂದೇ ರೀ" ಅಂದರೆ ಡಬ್ಬಿಯ ಹಿಂಬದಿ ಓದಿ.

ಏನೂ ಹಾಕದೇ ಇದ್ರೂ ಕಾಂಕ್ರೀಟು ಸ್ವಲ್ಪ ಮುಚ್ಕೊಳ್ತದಂತೆ, ನಿಜಾನಾ?

ನಿಜ. ಉಳಿದ ಸಿಮೆಂಟು ನೀರು ಕುಡಿದು ಮತ್ತೆ ಗಟ್ಟಿಯಾಗುತ್ತದೆ. ಸುಣ್ಣ ಕರಗಿ ಬಂದು, ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಬಿರುಕಿನಲ್ಲಿ ಬಿಳಿ ಕಲ್ಲಾಗಿ ಕೂರುತ್ತದೆ. ಆದರೆ ಇದು ಸುಮಾರು 0.1ರಿಂದ 0.15 ಮಿ.ಮೀ. ಬಿರುಕಿನವರೆಗೆ ಮಾತ್ರ ನಂಬುವಂಥದ್ದು. ಕ್ರಿಸ್ಟಲೈನ್ ಮಾಡುವುದು ಇದೇ ಕೆಲಸವನ್ನು ಇನ್ನೂ ಜೋರಾಗಿ, ಇನ್ನೂ ಸ್ವಲ್ಪ ದೊಡ್ಡ ಬಿರುಕಿನಲ್ಲಿ.

ಸುಣ್ಣಕ್ಕೆ ಈ ಗುಣ ಮೊದಲಿನಿಂದಲೂ ಇದೆ. ನಮ್ಮ ತುಂಗಭದ್ರಾ ಡ್ಯಾಮು ಕಾಂಕ್ರೀಟಿನದ್ದಲ್ಲ, ಸುರ್ಕಿ ಗಾರೆಯಲ್ಲಿ ಕಟ್ಟಿದ ಕಲ್ಲಿನ ಕಟ್ಟಡ, 1953ರಲ್ಲಿ ಮುಗಿದದ್ದು. ಸುರ್ಕಿ ಅಂದರೆ ಸುಟ್ಟ ಇಟ್ಟಿಗೆ ಪುಡಿ; ಸುಣ್ಣದ ಜೊತೆ ಅರೆದು ಗಾರೆ ಮಾಡುತ್ತಿದ್ದರು. ರೋಮನ್ನರ ಕಾಂಕ್ರೀಟಿನಲ್ಲಿ ಕಾಣುವ ಬಿಳಿ ಸುಣ್ಣದ ಉಂಡೆಗಳ ಬಗ್ಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದೇ ರೀತಿ ಕಾಂಕ್ರೀಟು ಮಾಡಿ, ಅರ್ಧ ಮಿ.ಮೀ. ಬಿರುಕು ಬಿಡಿಸಿ ನೀರು ಹಾಯಿಸಿದರು. ಎರಡು ವಾರದಲ್ಲಿ ನೀರು ನಿಂತಿತು. ಸುಣ್ಣ ಉಂಡೆ ಕಟ್ಟಿದ್ದು ರೋಮನ್ನರು ಸರಿಯಾಗಿ ಕಲಸದ್ದರಿಂದ ಅಂತ ಅಲ್ಲಿಯವರೆಗೆ ಬಹಳ ಜನ ಅಂದುಕೊಂಡಿದ್ದರು!

ಎಷ್ಟು ದಪ್ಪದ ಬಿರುಕು ಮುಚ್ಚುತ್ತೆ? ಮನೇಲಿ ಅಳೆಯೋದು ಹೇಗೆ?

ಕಂಪನಿಗಳು ಹೇಳುವ ಮಿತಿ 0.4 ಮಿ.ಮೀ., ಕೆಲವು 0.5 ಅನ್ನುತ್ತವೆ. ನಾನು 0.3ರವರೆಗೆ ಧೈರ್ಯವಾಗಿ ಒಪ್ಪಿಕೊಳ್ಳುತ್ತೇನೆ. ಅದರ ಮೇಲೆ ಹೋದರೆ ಬಿರುಕನ್ನು ಕೆತ್ತಿ ತುಂಬಿಸುವುದೇ ಸರಿ.

ಅಳೆಯಲು ಬಿರುಕಿನ ಸ್ಕೇಲ್ ಸಿಗುತ್ತದೆ. ಇಲ್ಲದಿದ್ದರೆ ಜೆರಾಕ್ಸ್ ಹಾಳೆ ಸಾಕು. ಒಂದು ಹಾಳೆ ಹೆಚ್ಚುಕಡಿಮೆ 0.1 ಮಿ.ಮೀ. ದಪ್ಪ. ಮೂರು ಹಾಳೆ ಒತ್ತಿ ಹಿಡಿದು, ಅದರ ಅಂಚನ್ನು ಬಿರುಕಿನ ಪಕ್ಕ ಇಟ್ಟು ನೋಡಿ. ಬಿರುಕು ಅದಕ್ಕಿಂತ ದಪ್ಪ ಕಂಡರೆ ಬರೀ ಬಳಿದು ಪ್ರಯೋಜನವಿಲ್ಲ. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಕಾರ್ಡು ಒಳಗೆ ತೂರುವ ಬಿರುಕಿಗೆ ಕ್ರಿಸ್ಟಲೈನ್ ಮಾತೇ ಬೇಡ, ಮೊದಲು ಬಿರುಕು ಯಾಕೆ ಬಂತು ಅಂತ ನೋಡಬೇಕು.

## ನಮ್ಮ ಕಡೆ ಎಲ್ಲಿ ನಡೆಯುತ್ತೆ, ಎಲ್ಲಿ ಇಲ್ಲ

ಮಾಳಿಗಿ ಸೋರಕತ್ತೈತ್ರಿ. ಇದನ್ನ ಬಳಿಸಿದ್ರ ನಿಲ್ತೈತೇನು?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ನನ್ನ ಉತ್ತರ: ಇದೊಂದನ್ನೇ ನಂಬಿ ಮಾಳಿಗೆಗೆ ಹಾಕಿಸಬೇಡಿ.

ಕಾರಣ ಎರಡು. ಮೊದಲನೆಯದು, ನೀರು. ಬಿರುಕು ಬಿಡಿಸಿದ ಕಾಂಕ್ರೀಟಿನ ತುಂಡುಗಳನ್ನು ಪ್ರಯೋಗಾಲಯಗಳಲ್ಲಿ ಇಟ್ಟು ನೋಡಿದ್ದಾರೆ. ನೀರಲ್ಲಿ ಮುಳುಗಿಸಿಟ್ಟವು ಚೆನ್ನಾಗಿ ಮುಚ್ಚಿಕೊಂಡವು. ಬರೀ ಗಾಳಿಯಲ್ಲಿಟ್ಟವು ಬಹುತೇಕ ಹಾಗೇ ಉಳಿದವು. ರಾಯಚೂರಿನ ಮಾಳಿಗೆ ವರ್ಷದ ಬಹುಪಾಲು ಕಾದ ಹೆಂಚು. ಮಳೆ ಬಂದರೂ ಒಂದೆರಡು ದಿನದಲ್ಲಿ ಒಣಗುತ್ತದೆ. ಹರಳು ಬೆಳೆಯಲು ಪುರುಸೊತ್ತೇ ಇಲ್ಲ.

ಎರಡನೆಯದು, ಸ್ಲ್ಯಾಬಿನ ಓಡಾಟ. ಕಾಂಕ್ರೀಟು ಒಂದು ಡಿಗ್ರಿ ಬಿಸಿಗೆ ಒಂದು ಮೀಟರಿಗೆ ಸುಮಾರು 0.01 ಮಿ.ಮೀ. ಹಿಗ್ಗುತ್ತದೆ. ಸಣ್ಣ ಲೆಕ್ಕ ಅನ್ನಿಸಬಹುದು. ಹತ್ತು ಮೀಟರ್ ಸ್ಲ್ಯಾಬು, ಮಧ್ಯಾಹ್ನಕ್ಕೂ ಬೆಳಗಿನ ಜಾವಕ್ಕೂ 30 ಡಿಗ್ರಿ ವ್ಯತ್ಯಾಸ ಅಂದರೆ 3 ಮಿ.ಮೀ. ಆಯಿತು. ಬಿಸಿಲಿಗೆ ತೆರೆದುಕೊಂಡ ಸ್ಲ್ಯಾಬಿನ ಮೇಲ್ಮೈಗೆ ಏಪ್ರಿಲ್ ತಿಂಗಳಲ್ಲಿ ಇದು ದೊಡ್ಡ ವ್ಯತ್ಯಾಸವೇ ಅಲ್ಲ. ದಿನಾ ತೆರೆದು ಮುಚ್ಚುವ ಬಿರುಕಿನಲ್ಲಿ ಬೆಳೆದ ಹರಳು ಒಡೆಯುತ್ತಲೇ ಇರುತ್ತದೆ. ಹರಳಿಗೆ ಜಗ್ಗುವ ಗುಣ ಇಲ್ಲ.

ಮಾಳಿಗೆಗೆ ಬೇಕಾದದ್ದು ಸರಿಯಾದ ಇಳಿಜಾರು, ಕಟ್ಟೆಗೋಡೆಯ ಬುಡದಲ್ಲಿ ಗೋಲಾ (ಮೂಲೆಯನ್ನು ದುಂಡಗೆ ತುಂಬಿದ ಗಾರೆ), ಜಗ್ಗಿದರೂ ಹರಿಯದ ಕೋಟಿಂಗ್ ಅಥವಾ ಶೀಟು, ಅದರ ಮೇಲೆ ಬಿಸಿಲು ತಡೆಯುವ ಬಿಳಿ ಪದರ ಅಥವಾ ಹಾಸು. ಹೊಸ ಸ್ಲ್ಯಾಬಾದರೆ ಕಾಂಕ್ರೀಟಿನೊಳಗೆ ಕ್ರಿಸ್ಟಲೈನ್ ಸೇರಿಸುವುದು ತಪ್ಪಲ್ಲ, ಆದರೆ ಮೇಲಿನ ಪದರ ಬಿಡಬಾರದು. ಮಾಳಿಗೆ ಮೇಲೆ ನೀರಿನ ಡ್ರಮ್ಮು ಇಟ್ಟು, ಅದರ ತೂತಿನಿಂದ ವರ್ಷವೆಲ್ಲ ನೀರು ಬೀಳುವ ಜಾಗದಲ್ಲಿ ಮಾತ್ರ ಇದು ಚೆನ್ನಾಗಿ ಕೆಲಸ ಮಾಡೀತು. ಆದರೆ ಅಲ್ಲಿ ಡ್ರಮ್ಮು ಬದಲಿಸುವುದು ಅಗ್ಗ.

ನೆಲದೊಳಗಿನ ಸಂಪು ಒಳಗೆ ನೀರು ನಿಲ್ತಿಲ್ಲ. ಕಾಲುವೆ ಬಿಟ್ಟಾಗ ಹೊರಗಿನ ನೀರು ಒಳಗೆ ಬರ್ತದೆ. ಇದಕ್ಕೆ ನಡೆಯುತ್ತಾ?

ಇದಕ್ಕೇ ಹೇಳಿ ಮಾಡಿಸಿದ್ದು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಪಟ್ಟಿಯಲ್ಲಿ ಇದು ಮಾಮೂಲಿ ಕಥೆ. ಬೇಸಿಗೆಯಲ್ಲಿ ಸಂಪಿನ ನೀರು ನೆಲಕ್ಕೆ ಇಳಿಯುತ್ತದೆ. ಗದ್ದೆಗೆ ನೀರು ಬಿಟ್ಟ ಮೇಲೆ ನೆಲದ ನೀರು ಮೇಲೆದ್ದು ಸಂಪಿನ ಗೋಡೆ ಒಳಗಿನಿಂದ ಬೆವರುತ್ತದೆ. ಕೆಲವು ಕಡೆ ಅದು ಸವಳು ನೀರು ಬೇರೆ.

ಒಳಗಿನಿಂದ ಬಳಿದ ಮಾಮೂಲಿ ಕೋಟಿಂಗನ್ನು ಹೊರಗಿನ ನೀರು ತಳ್ಳಿ ಗುಳ್ಳೆ ಎಬ್ಬಿಸುತ್ತದೆ, ಕೊನೆಗೆ ಸುಲಿದು ಹಾಕುತ್ತದೆ. ಕ್ರಿಸ್ಟಲೈನ್ ಮೇಲೆ ಅಂಟಿಕೊಂಡ ಸಿಪ್ಪೆಯಲ್ಲ, ಕಾಂಕ್ರೀಟಿನ ಒಳಗೇ ಬೆಳೆಯುವುದರಿಂದ ಸುಲಿಯುವ ಪ್ರಶ್ನೆ ಇಲ್ಲ. ನೀರು ಯಾವ ಕಡೆಯಿಂದ ಒತ್ತಿದರೂ ನಡೆಯುತ್ತದೆ. ಮನೆ ಸುತ್ತ ಅಗೆಯುವುದು ತಪ್ಪುತ್ತದೆ.

ಕೆಲಸ ಹಿಡಿದದ್ದು ಹೇಗೆ ಕಾಣುತ್ತದೆ ಅಂದರೆ, ಟಾರ್ಚು ಹಿಡಿದು ಸಂಪಿಗೆ ಇಳಿದು ನೋಡಿ. ಮೊದಲು ಗೋಡೆಯಲ್ಲಿ ಬಿರುಕಿನ ಗುಂಟ ಕಪ್ಪು ತೇವದ ಗೆರೆ ಇರುತ್ತದೆ, ಬೆರಳಿಟ್ಟರೆ ನೀರು ಹತ್ತುತ್ತದೆ. ಕೆಲವು ವಾರ ಕಳೆದಾಗ ಗೆರೆಯ ಎರಡೂ ಬದಿ ಬೆಳ್ಳಗಾಗುತ್ತಾ ಬರುತ್ತದೆ. ಆಮೇಲೆ ನಡುವಿನ ಕಪ್ಪು ತುಂಡು ತುಂಡಾಗಿ, ಕೊನೆಗೆ ಒಂದೆರಡು ಚುಕ್ಕೆ ಮಾತ್ರ ಉಳಿಯುತ್ತದೆ. ಬಿಳಿ ಗೆರೆಯನ್ನು ಉಗುರಿನಿಂದ ಕೆರೆದರೆ ಸುಲಭಕ್ಕೆ ಏಳುವುದಿಲ್ಲ. ಸವಳು ಉಪ್ಪಾದರೆ ಹತ್ತಿಯ ಹಾಗೆ ಮೆತ್ತಗೆ ಉದುರುತ್ತದೆ, ನೀರಿಗೆ ಕರಗುತ್ತದೆ. ನಿಜವಾದ ಸೂಜಿ ಹರಳು ಬರಿಗಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕು. ನಮ್ಮ ಕಣ್ಣಿಗೆ ಬೀಳುವ ಬಿಳಿ ಹೆಚ್ಚಾಗಿ ಸುಣ್ಣದ ಕಲ್ಲು.

ಒಂದು ಎಚ್ಚರಿಕೆ. ಮುಚ್ಚಿಟ್ಟ ಸಂಪಿಗೆ ಒಬ್ಬರೇ ಇಳಿಯಬೇಡಿ. ಮುಚ್ಚಳ ತೆಗೆದು ಗಾಳಿ ಆಡಲು ಬಿಡಿ, ಮೇಲೆ ಒಬ್ಬರು ನಿಂತಿರಲಿ.

ನಮ್ದು ಇಟ್ಟಿಗೆ ಸಂಪು, ಒಳಗೆ ಸಿಮೆಂಟ್ ಪ್ಲಾಸ್ಟರ್. ಅಣ್ಣನ ಮನೇದು ಕಲ್ಲಿನದು. ಹಾಕಿಸಬಹುದಾ?

ಹರಳಿಗೆ ಆಹಾರ ಸಿಮೆಂಟಿನ ಸುಣ್ಣ. ಇಟ್ಟಿಗೆಯಲ್ಲೂ ಕಲ್ಲಿನಲ್ಲೂ ಅದು ಇಲ್ಲ. ಹಾಗಾಗಿ ಬಳಿದದ್ದು ಪ್ಲಾಸ್ಟರಿನ ಒಂದೂವರೆ-ಎರಡು ಸೆಂ.ಮೀ. ದಪ್ಪದಲ್ಲಷ್ಟೇ ಕೆಲಸ ಮಾಡಬೇಕು. ಪ್ಲಾಸ್ಟರು ಟೊಳ್ಳು ಸದ್ದು ಮಾಡುತ್ತಿದ್ದರೆ ಅದೂ ಇಲ್ಲ. ಇಂಥಲ್ಲಿ ಹಳೆ ಪ್ಲಾಸ್ಟರು ಕಿತ್ತು, ಜಾಳಿಗೆ ಕಟ್ಟಿ ಹೊಸದು ಮಾಡುವುದು, ಇಲ್ಲವೇ ಕುಡಿಯುವ ನೀರಿಗೆ ಒಪ್ಪುವ, ಜಗ್ಗುವ ಸಿಮೆಂಟು-ಪಾಲಿಮರ್ ಕೋಟಿಂಗ್ ಬಳಿಯುವುದು ವಾಸಿ. ಆದರೆ ಹೊರಗಿನಿಂದ ನೀರಿನ ಒತ್ತಡ ಇದ್ದರೆ ಆ ಕೋಟಿಂಗಿಗೂ ಕಷ್ಟ. ಆಗ ಒಳಗೊಂದು ತೆಳು ಆರ್‌ಸಿಸಿ ಗೋಡೆ ಹಾಕುವ ಮಾತು ಬರುತ್ತದೆ.

ಎರಿ ಮಣ್ಣಿನಾಗ ಮನಿ ಕಟ್ಟೀವಿ. ಕಿಟಕಿ ಮೂಲಿಯಿಂದ ಓರೆ ಬಿರುಕು ಬಿಟ್ಟೈತಿ. ಇದನ್ನೂ ಮುಚ್ತೈತೇನು?

ಇಲ್ಲ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಮನೆ ಅದರ ಜೊತೆ ಏಳುತ್ತಾ ಇಳಿಯುತ್ತಾ ಇರುತ್ತದೆ. ಬಿರುಕು ಓಡಾಡುತ್ತಿದೆಯೇ ಅಂತ ನೋಡಲು ಒಂದು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಎರಡೂ ತುದಿ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಾಯಿರಿ. ಗಾಜು ಒಡೆದರೆ ಅದು ತಳಪಾಯದ ರೋಗ. ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಬೇಕು. ಹೊಸದಾಗಿ ಕಟ್ಟುವವರಿಗೆ ಅಂಡರ್‌ರೀಮ್ಡ್ ಪೈಲ್ ಎಂಬ ದಾರಿ ಇದೆ, ಅಂದರೆ ಬುಡದ ಕಡೆ ಉಬ್ಬಿದ ಕಾಂಕ್ರೀಟು ಕಂಬವನ್ನು ನೆಲದಾಳಕ್ಕೆ ಇಳಿಸುವುದು. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಬೆಳೆಸಿದ ಪದ್ಧತಿ ಅದು.

ಬಚ್ಚಲು, ಸಂಡಾಸಿನ ಕೆಳಗೆ ತೇವ ಇಳಿಯುತ್ತೆ, ಅಲ್ಲಿ?

ಸ್ಲ್ಯಾಬಿನಿಂದಲೇ ಜಿನುಗುತ್ತಿದ್ದರೆ ನಡೆಯುತ್ತದೆ. ಆದರೆ ಹೆಚ್ಚಿನ ಸಲ ಅಪರಾಧಿ ಪೈಪಿನ ಜಾಯಿಂಟು. ಮೊದಲು ಅದನ್ನು ನೋಡಿ.

ಕುಡಿಯೋ ನೀರಿನ ಟ್ಯಾಂಕಿಗೆ ಹಾಕಿದ್ರೆ ಏನೂ ಆಗಲ್ವಾ?

ಕುಡಿಯುವ ನೀರಿಗೆ ತಾಗುವ ವಸ್ತುಗಳಿಗೆ ಎನ್‌ಎಸ್‌ಎಫ್ 61 ಎಂಬ ಪರೀಕ್ಷೆ ಇದೆ. ಹೆಸರುವಾಸಿ ಕ್ರಿಸ್ಟಲೈನ್ ವಸ್ತುಗಳು ಇದನ್ನು ಪಾಸಾಗಿವೆ. ನೀವು ಕೊಳ್ಳುವ ಆ ಡಬ್ಬಿಗೇ ಪ್ರಮಾಣಪತ್ರ ಇದೆಯೇ ಅಂತ ಕೇಳಿ. ಬಳಿದ ಮೇಲೆ ಮೊದಲ ಸಲ ತುಂಬಿದ ನೀರನ್ನು ಗಿಡಕ್ಕೋ ಬಚ್ಚಲಿಗೋ ಬಿಡಿ. ಇನ್ನೊಂದು: ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡಿಗೂ ಇದಕ್ಕೂ ಸಂಬಂಧವಿಲ್ಲ. ಸಂಪಿಗೆ ಇದನ್ನು ಬಳಿದರೆ ನೀರು ಶುದ್ಧ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನಮ್ದು ರೈಸ್ ಮಿಲ್. ಭತ್ತ ನೆನೆಸೋ ತೊಟ್ಟಿ ಸೋರ್ತಿದೆ.

ಇಲ್ಲಿ ನೀರಿನ ಕೊರತೆ ಇಲ್ಲ, ಆದ್ದರಿಂದ ಹರಳಿಗೆ ಜಾಗ ಒಳ್ಳೆಯದೇ. ತೊಂದರೆ ಹುಳಿಯದ್ದು. ತಣ್ಣೀರಿನಲ್ಲಿ ಎರಡು-ಮೂರು ದಿನ ನೆನೆದ ಭತ್ತದ ನೀರು ಹುಳಿಯುತ್ತದೆ, ಆ ವಾಸನೆ ಗಂಗಾವತಿಯವರಿಗೆ ಹೇಳಿಕೊಡಬೇಕಿಲ್ಲ. ಹುಳಿ ಕಾಂಕ್ರೀಟಿನ ಸುಣ್ಣವನ್ನೇ ತಿನ್ನುತ್ತದೆ. ಮೇಲ್ಮೈ ಕೊರೆದು ಕಡಿ ಎದ್ದು ಕಾಣುತ್ತಿದ್ದರೆ ಅದೇ ಗುರುತು. ಕ್ರಿಸ್ಟಲೈನ್ ಸಾಮಾನ್ಯವಾಗಿ ಪಿಎಚ್ 3ರಿಂದ 11ರವರೆಗೆ ತಡೆಯುತ್ತದೆ ಅನ್ನುತ್ತಾರೆ ತಯಾರಕರು. ಹರಳು ತಡೆದರೂ ಸುತ್ತಲಿನ ಸಿಮೆಂಟು ಸವೆಯುತ್ತಲೇ ಹೋಗುತ್ತದೆ. ಜೊತೆಗೆ ಬಿಸಿನೀರು ಬಿಟ್ಟು ತಣ್ಣೀರು ಬಿಡುವ ಮಿಲ್ಲುಗಳಲ್ಲಿ ಬಿರುಕು ಹಿಗ್ಗಿ ಕುಗ್ಗುತ್ತದೆ. ಹಾಗಾಗಿ ಕೊರೆದ ಜಾಗ ಕೆತ್ತಿ ಕಟ್ಟಿ, ಬಿರುಕು ತುಂಬಿಸಿ, ಮೇಲೆ ಆಹಾರಕ್ಕೆ ಒಪ್ಪುವ, ಹುಳಿ ತಡೆಯುವ ಪದರ ಹಾಕಿಸಿ. ಹೊಸ ತೊಟ್ಟಿಯಾದರೆ ನೆನೆಸುವ ನೀರನ್ನು ಹುಳಿಯುವ ಮುನ್ನ ಬದಲಿಸುವುದೂ ತೊಟ್ಟಿಯ ಆಯಸ್ಸು ಹೆಚ್ಚಿಸುತ್ತದೆ.

ಕಾಲುವೆ ಲೈನಿಂಗ್ ಬಿರುಕಿಗೆ ಯಾಕೆ ಹಾಕಲ್ಲ?

ಲೈನಿಂಗು ತೆಳು, ಬಿರುಕು ಅಗಲ, ಕೆಳಗಿನ ಮಣ್ಣು ಓಡಾಡುತ್ತದೆ. ಮೂರೂ ಇದಕ್ಕೆ ಆಗಿಬರುವುದಿಲ್ಲ.

## ಕೆಲಸ ಮಾಡಿಸುವಾಗ

ಹೊಸ ಸಂಪು ಕಟ್ಟಿಸ್ತಿದೀನಿ. ಕಲಸುವಾಗ ಹಾಕೋದಾ, ಆಮೇಲೆ ಬಳಿಯೋದಾ? ಚೀಲಕ್ಕೆ ಎಷ್ಟು?

ಹೊಸದಾದರೆ ಕಲಸುವಾಗಲೇ. ಗೋಡೆಯ ಪೂರ್ತಿ ದಪ್ಪಕ್ಕೂ ಸಿಗುತ್ತದೆ, ಬಳಿಯುವ ಕೂಲಿ ಉಳಿಯುತ್ತದೆ. ಪ್ರಮಾಣ ಕಂಪನಿಯಿಂದ ಕಂಪನಿಗೆ ಬೇರೆ. ಸಿಮೆಂಟಿನ ತೂಕದ ಶೇ. 0.8-1 ಇರುವವೂ ಇವೆ, ಶೇ. 2-3 ಕೇಳುವವೂ ಇವೆ. ಶೇ. 1 ಅಂದರೆ 50 ಕೆ.ಜಿ. ಚೀಲಕ್ಕೆ ಅರ್ಧ ಕಿಲೋ ಆಯಿತು. ಪುಡಿಯನ್ನು ಹಾಗೇ ಮಿಕ್ಸರಿಗೆ ಸುರಿದರೆ ಉಂಡೆ ಕಟ್ಟುತ್ತದೆ. ಮೊದಲೇ ಕಲಸುವ ನೀರಿನಲ್ಲೇ ಸ್ವಲ್ಪ ತೆಗೆದು ತೆಳುವಾಗಿ ಕದಡಿ ಹಾಕಿ, ಮಿಕ್ಸರ್ ಇನ್ನೂ ಕೆಲ ನಿಮಿಷ ತಿರುಗಲಿ.

ಇಷ್ಟು ಮಾಡಿಯೂ ಕೆಡಿಸುವುದು ನೀರು. ಚೀಲಕ್ಕೆ 25 ಲೀಟರ್ ಅಂದರೆ ನೀರು-ಸಿಮೆಂಟಿನ ಅನುಪಾತ 0.5, ಅದೂ ಉಸುಕಿನಲ್ಲಿರುವ ನೀರೂ ಸೇರಿ. ನಮ್ಮ ಸೈಟುಗಳಲ್ಲಿ ಪೈಪು ಹಿಡಿದು "ಇನ್ನಷ್ಟು ತೆಳ್ಳಗಾಗ್ಲಿ" ಅಂತ ಬಿಡುವುದೇ ರೂಢಿ. ಹೆಚ್ಚಾದ ನೀರೆಲ್ಲ ಆರಿ ರಂಧ್ರ ಬಿಟ್ಟು ಹೋಗುತ್ತದೆ. ವೈಬ್ರೇಟರ್ ಹಿಡಿಯದೆ ಜೇನುಗೂಡು ಆದ ಕಾಂಕ್ರೀಟನ್ನು ಯಾವ ಹರಳೂ ಉಳಿಸಲಾರದು. ತಳ ಮತ್ತು ಗೋಡೆ ಸೇರುವ ಜಾಯಿಂಟಿನಲ್ಲಿ ಪಿವಿಸಿ ವಾಟರ್‌ಸ್ಟಾಪ್ ಅಥವಾ ನೀರಿಗೆ ಉಬ್ಬುವ ಪಟ್ಟಿ ಇಡಲೇಬೇಕು. ಸಂಪು ಸೋರುವುದು ಬಹುಪಾಲು ಅಲ್ಲೇ.

ಬಳಿಯೋ ಮುಂಚೆ ಗೋಡೆ ಹೇಗಿರಬೇಕು? ನಮ್ಮ ಗೌಂಡಿ ಒಣಗಿದ ಮೇಲೇ ಬಳಿಬೇಕು ಅಂತಾನೆ.

ಪೇಂಟಿಗೆ ಅವನ ಮಾತು ಸರಿ, ಇದಕ್ಕೆ ಉಲ್ಟಾ. ಗೋಡೆ ನೀರು ಕುಡಿದು ತಣಿದಿರಬೇಕು, ಮೇಲೆ ಮಾತ್ರ ನೀರು ನಿಂತಿರಬಾರದು. ಕೈಯಿಟ್ಟರೆ ತಂಪು ತಗಲಬೇಕು, ಅಂಗೈ ಒದ್ದೆಯಾಗಬಾರದು. ಹಳೆ ಸುಣ್ಣ, ಪೇಂಟು, ಪಾಚಿ, ಸೆಂಟ್ರಿಂಗ್ ಎಣ್ಣೆ, ಮೇಲಿನ ಹಾಲುಗಟ್ಟಿದ ಸಿಮೆಂಟು ಪದರ ಎಲ್ಲ ತಂತಿ ಬ್ರಷ್ಷಿನಿಂದಲೋ ಗ್ರೈಂಡರಿನಿಂದಲೋ ಹೋಗಬೇಕು. ನುಣ್ಣಗೆ ಮಿಂಚುವ ಗೋಡೆ ಇದಕ್ಕೆ ಬಾಗಿಲು ಮುಚ್ಚಿದಂತೆ. ದೊಡ್ಡ ಬಿರುಕನ್ನು ಉಳಿಯಿಂದ ಚೌಕವಾಗಿ, ಸುಮಾರು 25 ಮಿ.ಮೀ. ಅಗಲ, ಅದಕ್ಕಿಂತ ಸ್ವಲ್ಪ ಜಾಸ್ತಿ ಆಳ ಕೆತ್ತಿ. ಬಾಯಿ ಅಗಲ, ತಳ ಚೂಪು ಮಾಡಿದರೆ ತುಂಬಿದ್ದು ಕಿತ್ತು ಬರುತ್ತದೆ. ಆಮೇಲೆ ತುಂಬಿ, ಗೋಡೆಗೆ ಬ್ರಷ್ಷಿನಿಂದ ಒತ್ತಿ ಬಳಿಯಿರಿ. ಒಂದು ಕೋಟಿಗೆ ಚದರ ಮೀಟರಿಗೆ ಸುಮಾರು 0.8 ಕೆ.ಜಿ. ಪುಡಿ ಹೋಗುತ್ತದೆ. ನಾಲ್ಕು ಕೆ.ಜಿ.ಯಲ್ಲಿ ಇಡೀ ಸಂಪು ಮುಗಿಸಿದೆ ಅಂದವನ ಹತ್ತಿರ ಖಾಲಿ ಡಬ್ಬಿ ಲೆಕ್ಕ ಕೇಳಿ.

ತೂತಿನಿಂದ ನೀರು ಚಿಮ್ತಾ ಇದೆ. ಬಳಿಯೋಕೆ ಬಿಡ್ತಿಲ್ಲ.

ಮೊದಲು ಪ್ಲಗ್ ಹಾಕಬೇಕು. ಮೂರರಿಂದ ಐದು ನಿಮಿಷದಲ್ಲಿ ಬಿಗಿಯುವ ಪುಡಿ ಸಿಗುತ್ತದೆ. ಕೈಗವಸು ಹಾಕಿ ಉಂಡೆ ಮಾಡಿ, ಬಿಸಿಯಾಗತೊಡಗಿದ ಕೂಡಲೇ ತೂತಿಗೆ ಒತ್ತಿ ಹಿಡಿಯಿರಿ. ಕೈ ಬೇಗ ತೆಗೆದರೆ ನೀರು ತಳ್ಳಿಬಿಡುತ್ತದೆ.

ಬೇಸಿಗೆಯಲ್ಲಿ ಮಾಡಿಸಬಹುದಾ? ಕ್ಯೂರಿಂಗ್ ಎಷ್ಟು ದಿನ?

ಮಾಡಿಸಬಹುದು, ಆದರೆ ಮಧ್ಯಾಹ್ನ ಬೇಡ. ನಮ್ಮ ಬಿಸಿಗಾಳಿಗೆ ಬಳಿದ ಪದರ ಬಿಗಿಯುವ ಮುನ್ನವೇ ಒಣಗಿ ಪುಡಿಯಾಗುತ್ತದೆ. ಸಂಜೆ ಬಳಿದು, ಬಿಗಿದ ಮೇಲೆ ಸಣ್ಣಗೆ ನೀರು ಸಿಂಪಡಿಸಿ. ಕಂಪನಿಗಳು ದಿನಕ್ಕೆ ಮೂರು ಸಲ, ಎರಡು-ಮೂರು ದಿನ ಅನ್ನುತ್ತವೆ. ಅದು ತಂಪು ದೇಶದ ಲೆಕ್ಕ. ಇಲ್ಲಿ ಏಪ್ರಿಲ್-ಮೇನಲ್ಲಿ ಪದರ ಬಿಳಿಚಿಕೊಂಡಾಗೆಲ್ಲ ಸಿಂಪಡಿಸಬೇಕು.

ಹೊಸ ಕಾಂಕ್ರೀಟಿಗೆ ನಮ್ಮ ದೇಶದ ಕಾಂಕ್ರೀಟು ಕೋಡಾದ ಐಎಸ್ 456 ಬಿಸಿ ಒಣ ಹವೆಯಲ್ಲಿ ಮಾಮೂಲಿ ಸಿಮೆಂಟಿಗೆ (ಒಪಿಸಿ) ಕನಿಷ್ಠ 10 ದಿನ, ಹಾರುಬೂದಿ ಬೆರೆಸಿದ ಪಿಪಿಸಿಗೆ, ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆಸಿದ ಸ್ಲ್ಯಾಗ್ ಸಿಮೆಂಟಿಗೆ 14 ದಿನ ಕ್ಯೂರಿಂಗ್ ಹೇಳುತ್ತದೆ. ನಾಲ್ಕು ದಿನಕ್ಕೆ ಪೈಪು ಸುತ್ತಿಡುವ ರೂಢಿಗೆ ಇದು ಜಾಸ್ತಿ ಅನ್ನಿಸುತ್ತದೆ. ಸ್ಲ್ಯಾಬಿಗೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು ಸುಲಭ. ಗೋಡೆಗೆ ಕಷ್ಟ. ಗೋಣಿಚೀಲ ಇಳಿಬಿಟ್ಟು ನೆನೆಸಿ. ಭತ್ತದ ನಾಡಿನವರು ಹುಲ್ಲು ಹೊದಿಸಿ ನೆನೆಸುತ್ತಾರೆ. ಅದೂ ತೇವ ಹಿಡಿಯುತ್ತದೆ, ಖರ್ಚೂ ಇಲ್ಲ. ಬಳಸುವ ನೀರು ಸವಳಿದ್ದರೆ ಪರೀಕ್ಷೆ ಮಾಡಿಸಿ. ಆರ್‌ಸಿಸಿ ಕಲಸುವ ನೀರಿನಲ್ಲಿ ಕ್ಲೋರೈಡು ಲೀಟರಿಗೆ 500 ಮಿ.ಗ್ರಾಂ. ದಾಟಬಾರದು.

ಬಳಿಸಿ ವಾರ ಆಯ್ತು, ಇನ್ನೂ ಜಿನುಗ್ತಿದೆ. ಮೋಸ ಹೋದ್ನಾ?

ಇನ್ನೂ ಹೇಳಲಾಗದು. ಬಿರುಕು ಮುಚ್ಚಲು ಕೆಲವು ವಾರ ಬೇಕು, ಸುಮಾರು 28 ದಿನ ಕಾಯಿರಿ. ಬಳಿದ ಸಂಪನ್ನು ಸಿಂಪಡಿಸುವ ದಿನ ಮುಗಿದ ಮೇಲೆ ಹನ್ನೆರಡು ದಿನ ಬಿಟ್ಟು ತುಂಬಿಸಿ. ತುಂಬಿದ ಮೇಲೆ ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಹರಳಿನ ಕೆಲಸ ಅಲ್ಲಿಗೇ ನಿಂತಿತು. ನೀರು ಇಳಿಯುವುದನ್ನು ಅಳೆಯುವಾಗ ಪಕ್ಕದಲ್ಲಿ ಒಂದು ಬಕೆಟ್ ತುಂಬಿ ಸಂಪಿನೊಳಗೇ ಇಡಿ. ಬಕೆಟ್ಟಿನಲ್ಲಿ ಇಳಿದದ್ದು ಆವಿಯ ಲೆಕ್ಕ, ಅದಕ್ಕಿಂತ ಹೆಚ್ಚು ಸಂಪಿನಲ್ಲಿ ಇಳಿದದ್ದು ಸೋರಿಕೆ.

## ಎಂಜಿನಿಯರ್‌ಗಳು ಕೇಳುವುದು

ಪಿಪಿಸಿ, ಸ್ಲ್ಯಾಗ್ ಸಿಮೆಂಟಿನಲ್ಲಿ ಸುಣ್ಣವೇ ಕಡಿಮೆ ಅಲ್ವಾ? ಆಗ ಹರಳು ಹೇಗೆ ಬೆಳೆಯುತ್ತೆ?

ಒಳ್ಳೆಯ ಪ್ರಶ್ನೆ, ನಮ್ಮ ಜಿಲ್ಲೆಗಳಿಗೇ ಹೊಂದುವ ಪ್ರಶ್ನೆ. ಶಕ್ತಿನಗರ, ಕುಡಿತಿನಿಯ ವಿದ್ಯುತ್ ಸ್ಥಾವರಗಳ ಹಾರುಬೂದಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸ್ಲ್ಯಾಗು ಕೈಗೆಟುಕುವಲ್ಲೇ ಇವೆ. ಪಿಪಿಸಿಯಲ್ಲಿ ಹಾರುಬೂದಿ ಶೇ. 15ರಿಂದ 35, ಸ್ಲ್ಯಾಗ್ ಸಿಮೆಂಟಿನಲ್ಲಿ ಸ್ಲ್ಯಾಗು ಶೇ. 25ರಿಂದ 70ರವರೆಗೆ ಇರಬಹುದು. ಹಾರುಬೂದಿ ಸುಣ್ಣವನ್ನು ತಿಂದು ಅಂಟು ಮಾಡುತ್ತದೆ. ಸ್ಲ್ಯಾಗು ಹೆಚ್ಚಿದ್ದಷ್ಟೂ ಕ್ಲಿಂಕರ್ (ಸಿಮೆಂಟಿನ ಮೂಲ ವಸ್ತು) ಕಡಿಮೆ, ಸುಣ್ಣವೂ ಕಡಿಮೆ. ಆದರೆ ಪೂರ್ತಿ ಖಾಲಿಯಾಗುವುದಿಲ್ಲ, ಪುಡಿಯಲ್ಲೂ ಸಿಮೆಂಟು ಇದೆ. ಹಾಗಾಗಿ ನಡೆಯುತ್ತದೆ, ನಿಧಾನವಾಗಬಹುದು. ಸ್ಲ್ಯಾಗು ಶೇ. 50 ದಾಟಿದರೆ ತಯಾರಕರಿಂದ ಅದೇ ಮಿಶ್ರಣದ ಪರೀಕ್ಷಾ ವರದಿ ಕೇಳಿ. ಇನ್ನೊಂದು ಮಗ್ಗುಲೂ ಇದೆ: ಚೆನ್ನಾಗಿ ಕ್ಯೂರಿಂಗ್ ಆದ ಸ್ಲ್ಯಾಗ್ ಕಾಂಕ್ರೀಟು ತಾನಾಗಿಯೇ ಬಿಗಿ. ಸವಳು ನೆಲದಲ್ಲಿ ಕ್ಲೋರೈಡು, ಸಲ್ಫೇಟು ತಡೆಯುವುದರಲ್ಲಿ ಅದು ಒಪಿಸಿಗಿಂತ ಮುಂದೆ. ದುಡ್ಡು ಒಂದಕ್ಕೇ ಇದ್ದರೆ ನಾನು ಮೊದಲು ಒಳ್ಳೆಯ ಮಿಶ್ರಣ, ಹದಿನಾಲ್ಕು ದಿನದ ನೀರಿಗೆ ಹಾಕುತ್ತೇನೆ.

ಬಿರುಕು ತಾನೇ ಮುಚ್ಚುತ್ತೆ ಅಂದ್ಮೇಲೆ ಡಿಸೈನಿನಲ್ಲಿ ಸರಳು ಕಡಿಮೆ ಮಾಡಬಹುದಾ?

ಬೇಡ. ಬಿರುಕು ಎಷ್ಟು ಅಗಲ ಇರಬಹುದು ಎಂದು ಐಎಸ್ 456 ಸಾಮಾನ್ಯ ಜಾಗಕ್ಕೆ 0.3 ಮಿ.ಮೀ., ತೇವ ಅಥವಾ ನೆಲದ ನೀರು ತಾಗುವಲ್ಲಿಗೆ 0.2, ತೀರಾ ಕೆಟ್ಟ ಪರಿಸರಕ್ಕೆ 0.1 ಮಿತಿ ಹಾಕಿದೆ. ನೀರಿನ ಟ್ಯಾಂಕುಗಳಿಗೆ ಐಎಸ್ 3370 ಇದೆ, ಆರ್‌ಸಿಸಿಗೆ ಸಾಮಾನ್ಯವಾಗಿ ಎಂ30 ದರ್ಜೆಯ ಕಾಂಕ್ರೀಟಿಗಿಂತ ಕಡಿಮೆ ಒಪ್ಪುವುದಿಲ್ಲ. ಕ್ರಿಸ್ಟಲೈನ್ ಹಾಕಿದ್ದಕ್ಕೆ ಈ ಕೋಡುಗಳು ರಿಯಾಯಿತಿ ಕೊಟ್ಟಿಲ್ಲ. ಬಿರುಕನ್ನು 0.2ರ ಒಳಗೆ ಹಿಡಿಯುವುದು ಸರಳಿನ ಕೆಲಸ, ಆ 0.2ರಲ್ಲಿ ನೀರು ನಿಲ್ಲಿಸುವುದು ಹರಳಿನ ಕೆಲಸ.

ಸರಳು ತುಕ್ಕು ಹಿಡಿದು ಕಾಂಕ್ರೀಟು ಉದುರ್ತಿರೋ ಟ್ಯಾಂಕಿಗೆ?

ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಒಳಗಿನಿಂದ ಕಾಂಕ್ರೀಟನ್ನು ಒಡೆಯುತ್ತದೆ. ಅದರ ಮೇಲೆ ಏನು ಬಳಿದರೂ ಜೊತೆಗೇ ಉದುರುತ್ತದೆ. ಸಡಿಲವಾದದ್ದು ಕೆತ್ತಿ, ಸರಳು ಉಜ್ಜಿ, ತೀರಾ ಸವೆದಿದ್ದರೆ ಹೊಸ ಸರಳು ಸೇರಿಸಿ, ರಿಪೇರಿ ಗಾರೆ ಕಟ್ಟಿದ ಮೇಲೆ ಕ್ರಿಸ್ಟಲೈನ್ ಮಾತಾಡಿ.

ಬ್ಯಾಕ್ಟೀರಿಯಾ ಕಾಂಕ್ರೀಟು ಇದಕ್ಕಿಂತ ಒಳ್ಳೇದಾ?

ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ ಹೆಂಕ್ ಯೊಂಕರ್ಸ್ ತಂಡ ಬೆಳೆಸಿದ ಪದ್ಧತಿ. ನಿದ್ದೆಯಲ್ಲಿರುವ ಬ್ಯಾಕ್ಟೀರಿಯಾ ಬೀಜಾಣು, ಅದಕ್ಕೆ ತಿನ್ನಲು ಕ್ಯಾಲ್ಸಿಯಂ ಲ್ಯಾಕ್ಟೇಟ್ ಎರಡನ್ನೂ ಕಾಂಕ್ರೀಟಿಗೆ ಸೇರಿಸುತ್ತಾರೆ. ಬಿರುಕಿನಿಂದ ನೀರು ಬಂದರೆ ಅದು ಎದ್ದು ಸುಣ್ಣದ ಕಲ್ಲು ಕಟ್ಟುತ್ತದೆ. 0.8 ಮಿ.ಮೀ.ವರೆಗೆ ಮುಚ್ಚಿದ ದಾಖಲೆ ಇದೆ. ಆದರೆ ಅದಕ್ಕೂ ನೀರು ಬೇಕು, ಬೆಲೆಯೂ ಜಾಸ್ತಿ. ನಮ್ಮ ಸಂಪುಗಳಿಗೆ ಸದ್ಯಕ್ಕೆ ಅದರ ಅಗತ್ಯ ನನಗೆ ಕಂಡಿಲ್ಲ.

ಟೆಂಡರಿನಲ್ಲಿ ಏನು ಬರೀಬೇಕು? ಹತ್ತು ವರ್ಷ ವಾರಂಟಿ ಅಂತ ಬರೆದ್ರೆ ಸಾಕಾ?

ವಾರಂಟಿ ಕಾಗದ ಬರೆಯುವುದು ಸುಲಭ, ಹತ್ತು ವರ್ಷದ ನಂತರ ಆ ಏಜೆನ್ಸಿಯನ್ನು ಹುಡುಕುವುದು ಕಷ್ಟ. ಅಳೆಯಬಹುದಾದದ್ದು ಬರೆಯಿರಿ. ನೀರು ಒಳಗೆ ಇಳಿಯುವ ಪರೀಕ್ಷೆ ಜರ್ಮನಿಯ ಡಿಐಎನ್ 1048 ಅಥವಾ ಯುರೋಪಿನ ಇಎನ್ 12390-8: 5 ಬಾರ್ ಒತ್ತಡದಲ್ಲಿ 72 ಗಂಟೆ ನೀರು ಬಿಟ್ಟು, ತುಂಡನ್ನು ಸೀಳಿ ಎಷ್ಟು ಆಳ ಒದ್ದೆಯಾಗಿದೆ ನೋಡುತ್ತಾರೆ. ಪುಡಿ ಹಾಕಿದ್ದು, ಹಾಕದ್ದು ಎರಡನ್ನೂ ಅದೇ ಸೈಟಿನ ಸಿಮೆಂಟು, ಉಸುಕಿನಲ್ಲೇ ಮಾಡಿಸಿ. ಹೊರಗಿನ ಲ್ಯಾಬಿನ ಹಳೆ ವರದಿ ತೋರಿಸಿದರೆ ಒಪ್ಪಬೇಡಿ. ಆದರೆ ಇದು ರಂಧ್ರದ ಪರೀಕ್ಷೆ, ಬಿರುಕು ಮುಚ್ಚುವುದನ್ನು ತೋರಿಸುವುದಿಲ್ಲ. ಅದಕ್ಕೆ ಬೇರೆ ತುಂಡನ್ನು 0.3 ಮಿ.ಮೀ. ಬಿರುಕು ಬಿಡಿಸಿ, ನೀರು ಹಾಯಿಸಿ, ಮೊದಲ ದಿನ ಎಷ್ಟು ನೀರು ದಾಟಿತು, 28ನೇ ದಿನ ಎಷ್ಟು ಅಂತ ಬರೆಸಿ. ಜೊತೆಗೆ ಪುಡಿಯ ಬ್ಯಾಚ್ ನಂಬರು, ಖಾಲಿ ಚೀಲಗಳ ಲೆಕ್ಕ, ಟ್ಯಾಂಕು ತುಂಬಿಸಿ ಏಳು ದಿನ ನೋಡಿದ ಮೇಲೆಯೇ ಕೊನೆಯ ಬಿಲ್ಲು ಎಂಬ ಷರತ್ತು, ಈ ಮೂರೂ ಟೆಂಡರಿನಲ್ಲಿ ಇರಲಿ.